ಸಂಸದರಿಗೆ ಬರೆಯುವ ಕಾಗದ

(ಚಳ್ಳಕೆರೆ ಕಡೆಯ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಹಿರಿಯರು ಲಂಡನ್ನಿನಲ್ಲಿರುವ ತಂಗಿಯ ಮಗಳ ಮನೆಗೆ ಬಂದಿದ್ದಾರೆ. ಆಕೆ ಅಲ್ಲಿ ನರ್ಸ್. ತನ್ನ ಕ್ಷೇತ್ರದ ಸಂಸದರಿಗೆ ಬರೆದ ಕಾಗದವನ್ನು ಮಾವನ ಮುಂದಿಟ್ಟಿದ್ದಾಳೆ.)

ಮಾವ: ಜಾಂಬಿಯಾ ದೇಶದ ಸಾಲಕ್ಕೂ ನಿನಗೂ ಏನಮ್ಮ ಸಂಬಂಧ? ಇಲ್ಲಿನ ಎಂಪಿಗೂ ಅದಕ್ಕೂ ಏನು ಸಂಬಂಧ? ಮೊದಲು ಅದು ಹೇಳು, ಆಮೇಲೆ ಕಾಗದ ಓದ್ತೀನಿ.

ಸೊಸೆ: ಎಂಪಿ ವಿಷಯ ಮೊದಲು ಹೇಳ್ತೀನಿ. ಬಡ ದೇಶಗಳು ಬಾಂಡ್ ಮಾರಿ ಖಾಸಗಿಯವರಿಂದ ಎತ್ತುವ ಸಾಲ ಇದೆಯಲ್ಲ, ಅದರ ಪತ್ರಗಳಲ್ಲಿ ಬಹುಪಾಲು ಇಂಗ್ಲೆಂಡಿನ ಕಾನೂನಿನ ಪ್ರಕಾರ ಬರೆದವು. ಜಾಂಬಿಯಾದ ಬಾಂಡುಗಳೂ ಹಾಗೆಯೇ. ತಕರಾರು ಬಂದರೆ ಕೇಸು ನಡೆಯೋದು ಇದೇ ಊರಿನ ಕೋರ್ಟಿನಲ್ಲಿ. ಆ ಕಾನೂನು ತಿದ್ದುವ ಅಧಿಕಾರ ಇಲ್ಲಿನ ಪಾರ್ಲಿಮೆಂಟಿಗಿದೆ. ಕೆಳಮನೆಯಲ್ಲಿ 650 ಜನ ಕೂರ್ತಾರೆ. ಅವರಲ್ಲಿ ಒಬ್ಬರು ನನ್ನ ಓಟು ಕೇಳೋದಕ್ಕೆ ಈ ಬಾಗಿಲಿಗೆ ಬಂದಿದ್ದರು.

ಮಾವ: ನಿನ್ನ ಓಟೇ? ನಿನ್ನದು ಇನ್ನೂ ಭಾರತದ ಪಾಸ್‌ಪೋರ್ಟ್ ಅಲ್ಲವೇ?

ಸೊಸೆ: ಹೌದು. ಕಾಮನ್‌ವೆಲ್ತ್ ದೇಶದವರು ಇಲ್ಲಿ ಕಾನೂನುಬದ್ಧವಾಗಿ ವಾಸ ಇದ್ದರೆ ಪಾರ್ಲಿಮೆಂಟ್ ಚುನಾವಣೆಗೂ ಓಟು ಹಾಕಬಹುದು. ನಮ್ಮ ಕನ್ನಡದ ಹುಡುಗರು ಎಷ್ಟೋ ಜನ ಬಂದು ವರ್ಷಗಟ್ಟಲೆ ಆದರೂ ಪಟ್ಟಿಗೆ ಹೆಸರೇ ಸೇರಿಸಿರಲ್ಲ. ನನಗೆ ಅದು ಬೇಜಾರು. ಇನ್ನು ನನಗೇನು ಸಂಬಂಧ ಅಂದರೆ, ನಮ್ಮ ವಾರ್ಡಿನಲ್ಲಿ ಜಾಂಬಿಯಾದ ಒಬ್ಬ ಹಿರಿಯ ನರ್ಸ್ ಇದ್ದಾರೆ. ಅವರ ಹತ್ತಿರ ಕೇಳಿದ ಮಾತಿನಿಂದ ಇದೆಲ್ಲ ಶುರುವಾಯಿತು.

ಮಾವ: ಆಗಲಿ. ಆದರೆ ಸಾಲಮನ್ನಾ ಅಂದರೆ ನನಗೆ ಒಂದು ಮುಖ ನೆನಪಾಗುತ್ತೆ. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರ ಸಂಘದ ಬೆಳೆಸಾಲ 50 ಸಾವಿರದವರೆಗೆ ಮನ್ನಾ ಮಾಡಿತು. ಆ ವಾರ ಒಬ್ಬ ರೈತ ಬಂದು ನನ್ನ ಮೇಜಿನ ಮುಂದೆ ನಿಂತ. ಎಮ್ಮೆ ಮಾರಿ ಕಂತು ಕಟ್ಟಿದ್ದವನು. 'ಕಟ್ಟಿದವನಿಗೆ ಏನು ಸಿಕ್ತು ಸಾರ್?' ಅಂದ. ಕುರ್ಚಿ ಎಳೆದು ಕೂರಿಸಿದೆ, ಅಷ್ಟೇ. ಉತ್ತರ ನನ್ನ ಹತ್ತಿರ ಇರಲಿಲ್ಲ. ಸಾಲ ಅಂದರೆ ಕೊಟ್ಟ ಮಾತು. ಅದನ್ನು ಅಳಿಸಿ ಅಂತ ನೀನು ಬರೀತಿದ್ದೀಯ.

ಸೊಸೆ: ಆ ಪ್ರಶ್ನೆ ನ್ಯಾಯವಾದದ್ದೇ. ಹಾಗಾದರೆ ಒಂದು ಸಾಲದ ಕಥೆ ಹೇಳ್ತೀನಿ, ನಿಮ್ಮ ಪುಸ್ತಕದಲ್ಲಿ ಇದನ್ನು ಹೇಗೆ ಬರೀತಿದ್ದಿರಿ ಹೇಳಿ. 1979ರಲ್ಲಿ ರೊಮೇನಿಯಾ ದೇಶ ಜಾಂಬಿಯಾಕ್ಕೆ ಟ್ರ್ಯಾಕ್ಟರು, ಕೃಷಿ ಯಂತ್ರ ಸಾಲವಾಗಿ ಕೊಟ್ಟಿತು. ಜಾಂಬಿಯಾಕ್ಕೆ ಹೊರಗಿನಿಂದ ಬರೋ ವರಮಾನದಲ್ಲಿ ಹೆಚ್ಚಿನದು ತಾಮ್ರದ ಗಣಿಯದ್ದು. 1975ರ ಹೊತ್ತಿಗೇ ತಾಮ್ರದ ಬೆಲೆ ಬಿದ್ದಿತ್ತು. ಒಂದು ಕಡೆ ಪೆಟ್ರೋಲ್ ದುಬಾರಿ, ಇನ್ನೊಂದು ಕಡೆ ಬಡ್ಡಿ ಏರಿಕೆ. ಸಾಲ ಸುಸ್ತಿಯಾಯಿತು. 1999ರಲ್ಲಿ ಡೊನೆಗಾಲ್ ಇಂಟರ್‌ನ್ಯಾಷನಲ್ ಅನ್ನೋ ಕಂಪನಿ ಆ ಹಳೇ ಸಾಲದ ಪತ್ರವನ್ನು ರೊಮೇನಿಯಾದಿಂದ ಸುಮಾರು 33 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಕೊಂಡು ಬಂದು ಇಲ್ಲಿ, ಲಂಡನ್ ಹೈಕೋರ್ಟಿನಲ್ಲಿ, ಬಡ್ಡಿ ಸೇರಿಸಿ ಐದೂವರೆ ಕೋಟಿ ಡಾಲರ್ ಕೊಡಿಸಿ ಅಂತ ದಾವೆ ಹಾಕಿತು. 2007ರಲ್ಲಿ ನ್ಯಾಯಾಧೀಶರು ಅಷ್ಟು ಕೊಡಿಸಲಿಲ್ಲ, ಆದರೂ ಒಂದೂವರೆ ಕೋಟಿ ಡಾಲರಿಗೂ ಮೀರಿ ಕೊಡಬೇಕಾಯಿತು.

ಮಾವ: 33 ಲಕ್ಷ ಹಾಕಿ ಒಂದೂವರೆ ಕೋಟಿ! ಟ್ರ್ಯಾಕ್ಟರು ತುಕ್ಕು ಹಿಡಿದು ಎಷ್ಟು ವರ್ಷವಾಗಿತ್ತೋ. ಇದು ಸಾಲ ವಸೂಲಿ ಅಲ್ಲಮ್ಮ. ಸಾಲ ಕೊಟ್ಟವನು ನಷ್ಟ ಮಾಡಿಕೊಂಡು ಹೋದ. ಮಧ್ಯೆ ಬಂದವನು ಬಡವರ ದುಡ್ಡು ತಿಂದ. ನಮ್ಮಲ್ಲಿ ಹರಾಜಿನ ಹಿಂದಿನ ದಿನ ಬಂದು ಕೂರೋರು ಇದ್ದರು, ಅದೇ ಜಾತಿ.

ಸೊಸೆ: ಆ ತೀರ್ಪು ಬಂದ ಮೇಲೆ ಇಲ್ಲಿನ ಜನ ಸುಮ್ಮನೆ ಕೂರಲಿಲ್ಲ. ತಮ್ಮ ತಮ್ಮ ಎಂಪಿಗಳಿಗೆ ಬರೆದರು, ಹೋಗಿ ಕೇಳಿದರು. 2010ರ ಏಪ್ರಿಲ್‌ನಲ್ಲಿ, ಸದನ ವಿಸರ್ಜನೆಯಾಗೋ ಹೊಸ್ತಿಲಲ್ಲಿ, ಒಂದು ಕಾಯ್ದೆ ಪಾಸಾಯಿತು. ಕಡುಬಡ ದೇಶಗಳ ಹಳೇ ಸಾಲಕ್ಕೆ ಜಗತ್ತೇ ಒಪ್ಪಿ ಕೊಟ್ಟ ರಿಯಾಯಿತಿಯನ್ನು ಬದಿಗೊತ್ತಿ ಇಲ್ಲಿನ ಕೋರ್ಟಿನಲ್ಲಿ ಪೂರ್ತಿ ಹಣ ಕೇಳೋ ಹಾಗಿಲ್ಲ ಅಂತ. ಅದು ಸರ್ಕಾರ ತಂದ ಮಸೂದೆ ಅಲ್ಲ, ಖಾಸಗಿ ಸದಸ್ಯರ ಮಸೂದೆ. ಮೊದಲು ಒಂದೇ ವರ್ಷಕ್ಕೆ ಅಂತ ಇತ್ತು, 2011ರಲ್ಲಿ ಕಾಯಂ ಆಯಿತು.

ಮಾವ: ಅಂದರೆ ಕೆಲಸ ಮುಗೀತಲ್ಲ?

ಸೊಸೆ: ಇಲ್ಲ, ಅದು ಹಳೇ ಸಾಲಕ್ಕೆ ಮಾತ್ರ. ಆಮೇಲೆ ಎತ್ತಿದ ಬಾಂಡುಗಳಿಗೆ ಅದು ಅನ್ವಯ ಆಗಲ್ಲ. ಕಾಗದದಲ್ಲಿ ನಾನು ಕೇಳ್ತಿರೋದು ಅದನ್ನೇ. ಬಡ ದೇಶ ದಿವಾಳಿ ಹಂತಕ್ಕೆ ಬಂದಾಗ ಸರ್ಕಾರಗಳು ಎಷ್ಟು ಬಿಟ್ಟುಕೊಡ್ತಾವೋ ಅಷ್ಟನ್ನು ಖಾಸಗಿ ಸಾಲ ಕೊಟ್ಟವರೂ ಬಿಡಬೇಕು, ಹೊಸ ಸಾಲಕ್ಕೂ ಆ ಕಾನೂನು ಬರಬೇಕು.

ಮಾವ: ಕಾಗದ ಬರೆದರೆ ದೊಡ್ಡವರು ಕೇಳ್ತಾರೆ ಅಂತ ನಂಬಿದ್ದೀಯಾ? ನಮ್ಮ ಸಂಘದ ಕಟ್ಟಡದ ತಾರಸಿ ಸೋರುತ್ತೆ ಅಂತ ಎಷ್ಟು ಸಲ ಬರೆದಿದ್ದೀನಿ ಗೊತ್ತಾ.

ಸೊಸೆ: ಒಬ್ಬರೇ ಬರೆದಿದ್ದೀರಿ ಮಾವ. 1998ರ ಮೇ 16ನೇ ತಾರೀಖು ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ-8 ದೇಶಗಳ ಸಭೆ ಇತ್ತು. ಸುಮಾರು 70 ಸಾವಿರ ಜನ ಬಂದು ಊರಿನ ನಡುವೆ ಕೈ ಕೈ ಹಿಡಿದು ಸರಪಳಿ ಕಟ್ಟಿದರು. ಹೆಚ್ಚಿನವರು ಚರ್ಚಿನ ಬಸ್ಸುಗಳಲ್ಲಿ ಬಂದ ಸಾಧಾರಣ ಜನ. ಬಡ ದೇಶಗಳ ತೀರಿಸಲಾಗದ ಸಾಲ 2000ನೇ ಇಸವಿಯೊಳಗೆ ರದ್ದಾಗಬೇಕು ಅನ್ನೋದೊಂದೇ ಬೇಡಿಕೆ. ಆ ಯೋಚನೆ ಹುಟ್ಟುಹಾಕಿದವರಲ್ಲಿ ಒಬ್ಬರು ಮಾರ್ಟಿನ್ ಡೆಂಟ್ ಅನ್ನೋ ವಿಶ್ವವಿದ್ಯಾಲಯದ ಮೇಷ್ಟ್ರು, ಇನ್ನೊಬ್ಬರು ಬಿಲ್ ಪೀಟರ್ಸ್, ನಿವೃತ್ತ ರಾಜತಾಂತ್ರಿಕ. ನಾಯಕರೆಲ್ಲ ಆವತ್ತು ಊರ ಹೊರಗಿನ ಬಂಗಲೆಗೆ ಹೋಗಿದ್ದರು. ಪ್ರಧಾನಿ ಟೋನಿ ಬ್ಲೇರ್ ವಾಪಸ್ ಬಂದು ಚಳವಳಿಯವರನ್ನು ಭೇಟಿ ಮಾಡಿದರು. ಮರುವರ್ಷ ಕೊಲೋನ್ ಸಭೆಯಲ್ಲಿ ಸಾಲ ರದ್ದತಿಯ ಪ್ರಮಾಣ ಹೆಚ್ಚಾಯಿತು.

ಮಾವ: 70 ಸಾವಿರ ಜನ ಸೇರಿದರೆ ಯಾರಾದರೂ ಕೇಳ್ತಾರೆ. ನೀನು ಒಬ್ಬಳು.

ಸೊಸೆ: ಹಾಗಾದರೆ ಇನ್ನೊಂದು ಬರ್ಮಿಂಗ್‌ಹ್ಯಾಮ್ ಕಥೆ ಕೇಳಿ. ಅಮೆರಿಕದ ಅಲಬಾಮಾದಲ್ಲೂ ಅದೇ ಹೆಸರಿನ ಊರಿದೆ. ಅಲ್ಲಿನ ಚರ್ಚಿನ ಕೆಲವೇ ಹೆಂಗಸರು ತಮ್ಮ ಕ್ಷೇತ್ರದ ಸದಸ್ಯ ಸ್ಪೆನ್ಸರ್ ಬಾಕಸ್ ಅವರನ್ನು ಹೋಗಿ ಕಂಡರು. ಅವರು ರಿಪಬ್ಲಿಕನ್, ಕಟ್ಟಾ ಸಂಪ್ರದಾಯವಾದಿ, ವಿದೇಶಿ ನೆರವಿಗೆ ಹೆಸರಾದವರಲ್ಲ. ಆದರೆ ಬ್ಯಾಂಕಿಂಗ್ ಸಮಿತಿಯಲ್ಲಿ ಅವರ ಮಾತಿಗೆ ತೂಕ ಇತ್ತು. ಈ ಹೆಂಗಸರು ಯಾವ ಮಗು ಯಾಕೆ ಸಾಯ್ತಿದೆ, ಸಾಲಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೂತು ಹೇಳಿದರು. ಅವರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ತಮ್ಮ ಪಕ್ಷದೊಳಗೆ ಅದರ ಪರವಾಗಿ ನಿಂತರು. 2000ನೇ ಇಸವಿ ಕೊನೆಗೆ ಅಮೆರಿಕದ ಕಾಂಗ್ರೆಸ್ ಇದಕ್ಕೆ 43 ಕೋಟಿ 50 ಲಕ್ಷ ಡಾಲರ್ ಮಂಜೂರು ಮಾಡಿತು. ಮೆರವಣಿಗೆಯಷ್ಟೇ ಆ ಭೇಟಿಯೂ ಕೆಲಸ ಮಾಡಿದೆ. ತನ್ನ ಕ್ಷೇತ್ರದ ಜನ, ವಿಷಯ ತಿಳಿದು ಎದುರಿಗೆ ಕೂತರೆ ಯಾವ ಜನಪ್ರತಿನಿಧಿಗೂ ಸುಮ್ಮನೆ ತಳ್ಳಿಹಾಕೋದು ಕಷ್ಟ.

ಮಾವ: ಸರಿ, ಸಾಲ ಹೋಯಿತು. ಉಳಿದ ದುಡ್ಡು ಮಂತ್ರಿಗಳ ಜೇಬಿಗೆ ಹೋಗಲಿಲ್ಲ ಅಂತ ಹೇಗೆ ಹೇಳ್ತೀಯ?

ಸೊಸೆ: ಒಂದು ಪೈಸೆಯೂ ಹೋಗಲಿಲ್ಲ ಅಂತ ನಾನು ಹೇಳಲ್ಲ. ಕಣ್ಣಿಗೆ ಕಂಡದ್ದು ಹೇಳ್ತೀನಿ. ತಾಂಜಾನಿಯಾ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. 2000ದಲ್ಲಿ ಸುಮಾರು 44 ಲಕ್ಷ ಮಕ್ಕಳಿದ್ದ ಶಾಲೆಗಳಲ್ಲಿ 2005ರ ಹೊತ್ತಿಗೆ 75 ಲಕ್ಷ ಮಕ್ಕಳು. ಜಾಂಬಿಯಾದ ಸಾಲ ರದ್ದತಿ 2005ರಲ್ಲಿ ಆಯಿತು. 700 ಕೋಟಿ ಡಾಲರಿನ ಆಸುಪಾಸಿನಲ್ಲಿದ್ದ ಹೊರಗಿನ ಸಾಲ 100 ಕೋಟಿಗೂ ಕೆಳಗೆ ಇಳಿಯಿತು. ಅದಕ್ಕೂ ಮೊದಲು ಸಂಬಳದ ಖರ್ಚಿಗೆ ಮಿತಿ ಹಾಕಿದ್ದರಿಂದ ತರಬೇತಿ ಮುಗಿಸಿದ ಸಾವಿರಾರು ಮೇಷ್ಟ್ರುಗಳು ಕೆಲಸ ಇಲ್ಲದೆ ಮನೇಲಿದ್ದರು, ಶಾಲೆಗಳಲ್ಲಿ ಪಾಠ ಹೇಳೋರಿರಲಿಲ್ಲ. 2006ರ ಏಪ್ರಿಲ್ 1ರಿಂದ ಅಲ್ಲಿನ ಹಳ್ಳಿ ಆಸ್ಪತ್ರೆಗಳಲ್ಲಿ ಶುಲ್ಕ ರದ್ದಾಯಿತು.

ಮಾವ: ನಿಮ್ಮ ವಾರ್ಡಿನ ಆ ನರ್ಸ್ ಆಗ ಅಲ್ಲಿದ್ದರಾ?

ಸೊಸೆ: ಇದ್ದರು, ಒಂದು ಹಳ್ಳಿ ಕ್ಲಿನಿಕ್‌ನಲ್ಲಿ. ಶುಲ್ಕ ಇದ್ದ ಕಾಲದಲ್ಲಿ ತಾಯಂದಿರು ಮಲೇರಿಯಾ ಬಂದ ಮಗುವನ್ನು ಮೊದಲ ದಿನ ತರ್ತಿರಲಿಲ್ಲವಂತೆ. ಕೋಳಿ ಮಾರಿಯೋ ಜೋಳ ಮಾರಿಯೋ ದುಡ್ಡು ಹೊಂದಿಸೋ ಹೊತ್ತಿಗೆ ಜ್ವರ ತಲೆಗೇರಿ ಮಗುವಿಗೆ ಸೆಳವು ಬಂದಿರೋದು. ಆಗ ತರೋರು. 'ನಮ್ಮ ಹತ್ತಿರ ಮಾತ್ರೆ ಇತ್ತು, ಅವರ ಹತ್ತಿರ ದುಡ್ಡಿರಲಿಲ್ಲ, ಮಧ್ಯೆ ಒಂದು ರಸೀದಿ ಪುಸ್ತಕ ಇತ್ತು' ಅಂದರು. ಏಪ್ರಿಲ್‌ನಲ್ಲಿ ಆ ರಸೀದಿ ಪುಸ್ತಕ ಕಪಾಟಿಗೆ ಹೋಯಿತು. ಬೆಳಿಗ್ಗೆ ಬಾಗಿಲು ತೆಗೆಯೋ ಮೊದಲೇ ಅಂಗಳದ ತುಂಬ ಜನ. ಮಕ್ಕಳು ಜ್ವರ ಬಂದ ದಿನವೇ ಬರೋಕೆ ಶುರುವಾದರು. ಇನ್ನೊಂದು ಮಾತೂ ಅವರೇ ಹೇಳಿದರು. ಜನ ಹೆಚ್ಚಾದರು, ಔಷಧ ಸಾಲಲಿಲ್ಲ, ಕೈಯಾಳು ಸಾಲಲಿಲ್ಲ. ಇಬ್ಬರು ಮಾಡೋ ಕೆಲಸ ಒಬ್ಬರೇ ಮಾಡಿ ಸುಸ್ತಾಗಿ ಕೊನೆಗೆ ಅವರೂ ಇಲ್ಲಿಗೆ ಬಂದರು.

ಮಾವ: ತಯಾರು ಮಾಡಿದ್ದು ಆ ಬಡ ದೇಶ, ಸೇವೆ ಸಿಕ್ಕಿದ್ದು ಈ ಶ್ರೀಮಂತ ದೇಶಕ್ಕೆ.

ಸೊಸೆ: ನನ್ನ ಕಥೆಯೂ ಅದೇ ಮಾವ. ಅದು ಗೊತ್ತಿರೋದರಿಂದಲೇ ಈ ದೇಶದವರನ್ನು ಕೇಳೋ ಹಕ್ಕು ನನಗಿದೆ ಅನ್ನಿಸುತ್ತೆ.

ಮಾವ: ಹಾಗಾದರೆ ಒಂದು ಲೆಕ್ಕ ಒಪ್ಪಿಸು. 2005ರಲ್ಲಿ ಸಾಲ ತೊಳೆದು ಹೋಯಿತು ಅಂದೆ. ಈಗ ಮತ್ತೆ ಸಾಲದ ಕಾಗದ ಬರೀತಿದ್ದೀಯ. ಮಧ್ಯೆ ಏನಾಯಿತು?

ಸೊಸೆ: 2012ರಲ್ಲಿ ಜಾಂಬಿಯಾ 75 ಕೋಟಿ ಡಾಲರಿನ ಬಾಂಡ್ ಮಾರಿತು, ಶೇಕಡಾ ಐದೂವರೆ ಆಸುಪಾಸಿನ ಬಡ್ಡಿಗೆ. 2014ರಲ್ಲಿ 100 ಕೋಟಿ, ಎಂಟೂವರೆಗೆ. 2015ರಲ್ಲಿ 125 ಕೋಟಿ, ಒಂಬತ್ತರ ಹತ್ತಿರ. ಅದರ ಜೊತೆಗೆ ರಸ್ತೆ, ವಿಮಾನ ನಿಲ್ದಾಣ, ವಿದ್ಯುತ್ತಿಗೆ ಅಂತ ಚೀನಾದಿಂದ ದೊಡ್ಡ ಸಾಲ. 2020ರ ನವೆಂಬರ್‌ನಲ್ಲಿ ಬಡ್ಡಿ ಕಂತು ಕಟ್ಟಲಾಗದೆ ಕೈ ಚೆಲ್ಲಿತು.

ಮಾವ: ಐದೂವರೆ, ಎಂಟೂವರೆ, ಒಂಬತ್ತು. ಈ ಮೂರು ಅಂಕಿ ನೋಡಿದರೆ ಸಾಕು, ಸಾಲ ತಗೊಂಡವನ ಕಥೆ ನನಗೆ ಗೊತ್ತಾಗುತ್ತೆ. ನಮ್ಮ ರೈತರಿಗೆ ಸಂಘದಲ್ಲಿ ಈಗ 5 ಲಕ್ಷದವರೆಗೆ ಸೊನ್ನೆ ಬಡ್ಡಿ, ಬಡ್ಡಿ ಸರ್ಕಾರ ಕಟ್ಟುತ್ತೆ. ಅಷ್ಟಿದ್ದೂ ಮಳೆ ಕೈಕೊಟ್ಟ ವರ್ಷ ಕಟ್ಟೋಕಾಗಲ್ಲ. ತಾಮ್ರ ಒಂದನ್ನೇ ನಂಬಿದ ದೇಶ ಡಾಲರಿನಲ್ಲಿ ಒಂಬತ್ತು ಪರ್ಸೆಂಟ್ ಹೇಗೆ ಕಟ್ಟುತ್ತೆ? ಈಗ ನಾನು ಒಂದು ಮಾತು ಹೇಳ್ತೀನಿ, ಇದು ನಿನ್ನ ಕಾಗದದಲ್ಲಿ ಇಲ್ಲ. 1976ರಲ್ಲಿ ದೇವರಾಜ ಅರಸರ ಋಣ ಪರಿಹಾರ ಕಾಯ್ದೆ ಬಂದಾಗ ನನಗೆ ಹದಿನೆಂಟು. ಕೂಲಿಯವರು, ಸಣ್ಣ ರೈತರು ಅಡ ಇಟ್ಟಿದ್ದನ್ನು ಸಾಹುಕಾರ ವಾಪಸ್ ಕೊಡಬೇಕಾಯಿತು. ನಮ್ಮ ಬೀದಿಯ ಒಬ್ಬ ಅಜ್ಜಿ ತನ್ನ ಬೆಳ್ಳಿ ಕಡಗ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದು ನಮ್ಮಮ್ಮನ ಎದುರು ಬಿಚ್ಚಿ ತೋರಿಸಿದ್ದು ಇನ್ನೂ ಕಣ್ಣಲ್ಲಿದೆ. ಆಮೇಲೆ ಮಗಳ ಹೆರಿಗೆಗೆ ದುಡ್ಡು ಬೇಕಾಯಿತು. ಸಾಹುಕಾರ ಬಾಗಿಲು ಹಾಕಿಕೊಂಡ. ಸಂಘಕ್ಕೆ ಹೋದರೆ ಷೇರಿಲ್ಲ, ಪಹಣಿ ಇಲ್ಲ, ಸಾಲ ಇಲ್ಲ. ಅದೇ ಕಡಗ ಪಕ್ಕದ ಊರಿನವನ ಪೆಟ್ಟಿಗೆಗೆ ಹೋಯಿತು, ಇನ್ನೂ ಹೆಚ್ಚಿನ ಬಡ್ಡಿಗೆ. ಕಾಯ್ದೆ ಒಳ್ಳೇದೇ, ಅದನ್ನು ಮಾಡಿದವರು ದೊಡ್ಡ ಮನುಷ್ಯರೇ. ಆದರೆ ಹಳೇ ಸಾಲ ಅಳಿಸಿದ ದಿನವೇ ಮುಂದಿನ ಕಷ್ಟಕ್ಕೆ ಯಾರು ಕೊಡ್ತಾರೆ ಅನ್ನೋದಕ್ಕೂ ವ್ಯವಸ್ಥೆ ಆಗಬೇಕಿತ್ತು. ಜಾಂಬಿಯಾಕ್ಕೂ ಅದೇ ಆಗಿದೆ.

ಸೊಸೆ: ಹೌದು. ಆ ವ್ಯವಸ್ಥೆಗೆ ನಾಯಕರು ಮಾತು ಕೊಟ್ಟಿದ್ದರು, ಉಳಿಸಿಕೊಳ್ಳಲಿಲ್ಲ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ನೂರು ರೂಪಾಯಿಯಲ್ಲಿ 70 ಪೈಸೆ ಬಡ ದೇಶಗಳ ಅಭಿವೃದ್ಧಿಗೆ ಕೊಡಬೇಕು ಅಂತ ವಿಶ್ವಸಂಸ್ಥೆ ನಿರ್ಣಯ ಮಾಡಿದ್ದು 1970ರಲ್ಲಿ. ಅದನ್ನು ಮುಟ್ಟಿದ ದೇಶಗಳು ಬೆರಳೆಣಿಕೆಯಷ್ಟು. 2005ರಲ್ಲಿ ಗ್ಲೆನೀಗಲ್ಸ್‌ನ ಜಿ-8 ಸಭೆಯಲ್ಲಿ 2010ರೊಳಗೆ ವರ್ಷಕ್ಕೆ 5 ಸಾವಿರ ಕೋಟಿ ಡಾಲರ್ ಹೆಚ್ಚಿಗೆ ನೆರವು ಅಂದರು. ಹಿಂದಿನ ವಾರ ಎಡಿನ್‌ಬರ್ಗ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಬಿಳಿ ಬಟ್ಟೆ ಹಾಕಿಕೊಂಡು ನಡೆದಿದ್ದರು. ಸಾಲ ರದ್ದಾಯಿತು, ನೆರವು ಮಾತ್ರ ಹೇಳಿದಷ್ಟು ಬರಲಿಲ್ಲ. ಬ್ರಿಟನ್ 70 ಪೈಸೆಯನ್ನು 2015ರಲ್ಲಿ ಕಾನೂನೇ ಮಾಡಿತು. 2021ರಲ್ಲಿ ಕೊರೊನಾ ನೆಪದಲ್ಲಿ 50 ಪೈಸೆಗೆ ಇಳಿಸಿತು. 2025ರ ಫೆಬ್ರುವರಿಯಲ್ಲಿ ಪ್ರಧಾನಿ ಸ್ಟಾರ್ಮರ್ ರಕ್ಷಣಾ ಖರ್ಚು ಹೆಚ್ಚಿಸೋದಕ್ಕೆ ಅಂತ 2027ರೊಳಗೆ 30 ಪೈಸೆಗೆ ಇಳಿಸ್ತೀವಿ ಅಂದರು. ಅಭಿವೃದ್ಧಿ ಖಾತೆಯ ಮಂತ್ರಿ ಅನೆಲೀಸ್ ಡಾಡ್ಸ್ ಅದೇ ವಾರ ರಾಜೀನಾಮೆ ಕೊಟ್ಟರು. ಅಮೆರಿಕ ತನ್ನ ನೆರವಿನ ಸಂಸ್ಥೆಯನ್ನೇ ಅದೇ ವರ್ಷ ಜುಲೈ 1ಕ್ಕೆ ಮುಚ್ಚಿತು.

ಮಾವ: ಆಗ ಜನ ಬೀದಿಗೆ ಬರಲಿಲ್ಲವಾ?

ಸೊಸೆ: 2005ರ ಹಾಗೆ ಬರಲಿಲ್ಲ. ನನ್ನನ್ನು ಈ ಮೇಜಿಗೆ ಕೂರಿಸಿದ್ದು ಅದೇ. ಯಾರೂ ಕೇಳಲ್ಲ ಅಂತ ಗೊತ್ತಾದ ಖರ್ಚನ್ನೇ ಮೊದಲು ಕತ್ತರಿಸ್ತಾರೆ. ಜಾಂಬಿಯಾದವರಿಗೆ ಇಲ್ಲಿ ಓಟಿಲ್ಲ. ಅವರ ಪರವಾಗಿ ಓಟಿದ್ದವರು ಕೇಳಬೇಕು. ಸಾಲ ಸುಸ್ತಿಯಾಗಿ ಬಾಂಡ್ ಇಟ್ಟುಕೊಂಡವರ ಜೊತೆ ಒಪ್ಪಂದ ಮುಗಿಯೋದಕ್ಕೆ 2024ರ ಜೂನ್ ಆಯಿತು, ಮೂರೂವರೆ ವರ್ಷ. ಅದರ ಮಧ್ಯೆ ಕಂಡು ಕೇಳರಿಯದ ಬರಗಾಲ, ಆ ವರ್ಷದ ಫೆಬ್ರುವರಿಯಲ್ಲಿ ರಾಷ್ಟ್ರೀಯ ವಿಪತ್ತು ಅಂತ ಘೋಷಣೆ. ಮೆಕ್ಕೆಜೋಳ ಒಣಗಿತು, ಕರೀಬಾ ಜಲಾಶಯ ಬತ್ತಿ ಕರೆಂಟು ಹೋಯಿತು. ಅಂಥ ಹೊತ್ತಿನಲ್ಲಿ ಆ ದೇಶದ ಅಧಿಕಾರಿಗಳು ಸಾಲ ಕೊಟ್ಟವರ ಬಾಗಿಲು ಬಾಗಿಲು ಅಲೀತಿದ್ದರು. ಅಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನ ಕಡುಬಡವರು.

ಮಾವ: ಕಡುಬಡವರು ಅಂದರೆ ಈಗ ಏನು ಲೆಕ್ಕ?

ಸೊಸೆ: ವಿಶ್ವಬ್ಯಾಂಕ್ 2025ರ ಜೂನ್‌ನಲ್ಲಿ ರೇಖೆಯನ್ನು ದಿನಕ್ಕೆ 3 ಡಾಲರಿಗೆ ಏರಿಸಿದೆ, ಆಯಾ ದೇಶದ ಬೆಲೆಗೆ ಹೊಂದಿಸಿದ ಡಾಲರು. ಅದರ ಕೆಳಗೆ ಜಗತ್ತಿನಲ್ಲಿ ಸುಮಾರು 80 ಕೋಟಿ ಜನ. ಅರ್ಧಕ್ಕಿಂತ ಹೆಚ್ಚು ಆಫ್ರಿಕಾದಲ್ಲಿ.

ಮಾವ: ನಮ್ಮಲ್ಲೂ ಇದ್ದಾರಲ್ಲಮ್ಮ. ಆ ಲೆಕ್ಕದ ಪ್ರಕಾರವೇ 2022-23ರಲ್ಲಿ ಭಾರತದಲ್ಲಿ 7 ಕೋಟಿಗೂ ಹೆಚ್ಚು ಅಂತ ಪೇಪರಿನಲ್ಲಿ ಓದಿದೆ. ಮನೆಯವರನ್ನು ಬಿಟ್ಟು ಹೊರಗಿನವರ ಚಿಂತೆ ಯಾಕೆ ಅಂತ ಊರಲ್ಲಿ ಕೇಳ್ತಾರೆ.

ಸೊಸೆ: ಬಿಟ್ಟು ಅಂತ ಯಾರು ಹೇಳಿದರು? ಒಂದು ಕಾಲದಲ್ಲಿ ನಾವೂ ಸಾಲಕ್ಕೆ ಕೈ ಚಾಚಿದವರೇ. ನೀವೇ ಹೇಳಿದ್ದಿರಲ್ಲ, 1991ರಲ್ಲಿ ರಿಸರ್ವ್ ಬ್ಯಾಂಕಿನ 47 ಟನ್‌ನಷ್ಟು ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ತಂದು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡ ಇಟ್ಟರು ಅಂತ.

ಮಾವ: ಆ ಸುದ್ದಿ ಬಂದ ದಿನ ಸಂಘದಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಿ ಸಾವಾದ ಹಾಗಿತ್ತು. ಹೊರಗಿನಿಂದ ಸಾಮಾನು ತರಿಸೋಕೆ ಎರಡು ಮೂರು ವಾರದ ಡಾಲರ್ ಉಳಿದಿತ್ತು ಅಷ್ಟೇ. ಇಟ್ಟುಕೊಂಡವರು ಇದ್ದರು, ನಾವು ಬಚಾವಾದೆವು. ಚಿನ್ನ ಇಲ್ಲದ ದೇಶ ಏನು ಇಡುತ್ತೆ?

ಸೊಸೆ: ಮಕ್ಕಳ ಶಾಲೆ ಇಡುತ್ತೆ, ಆಸ್ಪತ್ರೆ ಇಡುತ್ತೆ. ಆರೋಗ್ಯಕ್ಕೋ ಶಿಕ್ಷಣಕ್ಕೋ ಮಾಡೋ ಖರ್ಚಿಗಿಂತ ಬಡ್ಡಿಗೇ ಹೆಚ್ಚು ಕಟ್ಟೋ ದೇಶಗಳಲ್ಲಿ 340 ಕೋಟಿ ಜನ ಇದ್ದಾರೆ ಅಂತ ವಿಶ್ವಸಂಸ್ಥೆಯ ಲೆಕ್ಕ. ನಾವು ಅವರ ಕೈ ಹಿಡಿದದ್ದೂ ಉಂಟು. 2001ರಲ್ಲಿ ಏಡ್ಸ್ ಔಷಧಕ್ಕೆ ಒಬ್ಬ ರೋಗಿಗೆ ವರ್ಷಕ್ಕೆ 10 ಸಾವಿರ ಡಾಲರಿಗೂ ಹೆಚ್ಚು ಬೀಳ್ತಿತ್ತು. ಮುಂಬೈಯ ಸಿಪ್ಲಾ 350 ಡಾಲರಿಗೆ ಕೊಡ್ತೀನಿ ಅಂತ ಮುಂದೆ ಬಂತು. ಎರಡು ವರ್ಷದ ಮೇಲೆ ಅಮೆರಿಕದ ಅಧ್ಯಕ್ಷ ಬುಷ್ ಏಡ್ಸ್ ವಿರುದ್ಧ ದೊಡ್ಡ ಯೋಜನೆ ಶುರು ಮಾಡಿದರು, ಬರಬರುತ್ತಾ ನಮ್ಮ ಕಡೆಯ ಔಷಧವೇ ಅದಕ್ಕೆ ಆಧಾರವಾಯಿತು. ಕೋಟಿಗಟ್ಟಲೆ ಜನ ಬದುಕಿದರು. 2003ರಲ್ಲಿ ಭಾರತ ಸರ್ಕಾರವೂ ಕೆಲವು ಕಡುಬಡ ದೇಶಗಳು ತನಗೆ ಕೊಡಬೇಕಿದ್ದ ಸಾಲವನ್ನು ಬಿಟ್ಟುಕೊಟ್ಟಿತು. ಈಗಂತೂ ನಾವು ಆಫ್ರಿಕಾಕ್ಕೂ ನೆರೆಯವರಿಗೂ ಸಾಲ ಕೊಡೋ ದೇಶ. ಶ್ರೀಲಂಕಾ ದಿವಾಳಿಯಾದಾಗ ಸಾಲ ಕೊಟ್ಟ ದೇಶಗಳ ಸಮಿತಿಗೆ ಜಪಾನ್, ಫ್ರಾನ್ಸ್ ಜೊತೆ ಭಾರತವೇ ಮುಂದಾಳು. 2023ರ ದೆಹಲಿ ಜಿ-20 ಸಭೆಯಲ್ಲಿ ಆಫ್ರಿಕನ್ ಒಕ್ಕೂಟಕ್ಕೆ ಕಾಯಂ ಸ್ಥಾನ ಕೊಡಿಸಿದ್ದೂ ನಾವೇ.

ಮಾವ: ಹಾಗಿದ್ದ ಮೇಲೆ ಕಾಗದ ನಾನೂ ಬರೀಬೇಕಾಗುತ್ತೆ. ಮೊದಲು ನಿನ್ನದು ಕೊಡು ನೋಡೋಣ. ತುಂಬ ಉದ್ದ ಆಯಿತು. ನಾಲ್ಕು ಪುಟ ಯಾವ ಎಂಪಿ ಓದ್ತಾನೆ? ಜಗತ್ತಿನ ಬಡತನ ಹೋಗಲಿ ಅಂತ ಕೇಳಿದರೆ 'ನಿಮ್ಮ ಕಳಕಳಿಗೆ ಧನ್ಯವಾದ' ಅಂತ ಉತ್ತರ ಬರುತ್ತೆ, ಅಷ್ಟೇ. ಅವರು 'ಆಗುತ್ತೆ' ಅಥವಾ 'ಆಗಲ್ಲ' ಅಂತ ಹೇಳಲೇಬೇಕಾದ ಪ್ರಶ್ನೆ ಹಾಕು.

ಸೊಸೆ: ಎರಡು ಹಾಕ್ತೀನಿ. 2010ರ ಕಾಯ್ದೆ ಹೊಸ ಸಾಲಕ್ಕೂ ಅನ್ವಯ ಆಗೋ ಮಸೂದೆ ಬಂದರೆ ನೀವು ಪರವಾಗಿ ಓಟು ಹಾಕ್ತೀರಾ? 70 ಪೈಸೆಗೆ ಯಾವ ವರ್ಷದೊಳಗೆ ವಾಪಸ್ ಹೋಗ್ತೀರಿ ಅಂತ ನಿಮ್ಮ ಮಂತ್ರಿಗಳನ್ನು ಕೇಳ್ತೀರಾ?

ಮಾವ: ಟ್ರ್ಯಾಕ್ಟರಿನ ಕಥೆ ಒಂದು ಪ್ಯಾರಾ ಇರಲಿ. ರಸೀದಿ ಪುಸ್ತಕದ್ದೂ ಇರಲಿ. ಉಳಿದ ಅಂಕಿಅಂಶ ತೆಗೆ. ಕಾಗದ ಕಳಿಸಿ ಸುಮ್ಮನಾಗಬೇಡ, ಅವರು ಕ್ಷೇತ್ರದಲ್ಲಿ ಜನರನ್ನು ನೋಡೋ ದಿನ ಹೋಗಿ ಎದುರು ಕೂರು. ಆ ಜಾಂಬಿಯಾದ ನರ್ಸಮ್ಮನನ್ನೂ ಕರೆದುಕೊಂಡು ಹೋಗು. ಕಾಮನ್‌ವೆಲ್ತ್ ಅಂದೆಯಲ್ಲ, ಅವರಿಗೂ ಇಲ್ಲಿ ಓಟಿರಬೇಕು.

ಸೊಸೆ: ಹೌದಲ್ಲ! ಜಾಂಬಿಯಾದವರಿಗೆ ಇಲ್ಲಿ ಓಟಿಲ್ಲ ಅಂದುಬಿಟ್ಟೆ. ಅಲ್ಲಿರೋರಿಗೆ ಇಲ್ಲ, ಇಲ್ಲಿರೋರಿಗೆ ಇದೆ. ಇನ್ನು ನಿಮ್ಮ ಕಾಗದ ಹೇಳಿ, ಬರ್ಕೋತೀನಿ.

ಮಾವ: 'ಮಾನ್ಯ ಸಂಸದರಿಗೆ ನಮಸ್ಕಾರ. ನಾನು ತಮ್ಮ ಕ್ಷೇತ್ರದ ಮತದಾರ, ಸಹಕಾರ ಸಂಘದ ನಿವೃತ್ತ ಕಾರ್ಯದರ್ಶಿ. ಬಡ ದೇಶಗಳಿಗೆ ಸಾಲ ಕೊಟ್ಟವರ ಸಾಲಿನಲ್ಲಿ ಈಗ ನಮ್ಮ ದೇಶವೂ ಕೂತಿದೆ. ಆ ಸಾಲಗಳ ಮಾತು ಜಿ-20ರಲ್ಲಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಬಂದಾಗ ಭಾರತ ಏನು ನಿಲುವು ತಗೊಳ್ಳುತ್ತೆ, ಯಾವ ದೇಶಕ್ಕೆ ಎಷ್ಟು ಸಾಲ ಕೊಟ್ಟಿದೆ, ಎಷ್ಟು ಬಡ್ಡಿಗೆ, ಕಟ್ಟಲಾಗದವರಿಗೆ ಏನು ಮಾಡಿದೆ ಅಂತ ದಯವಿಟ್ಟು ಸದನದಲ್ಲಿ ಕೇಳಬೇಕು.' ಇಷ್ಟು ಸಾಕು. ಇದಕ್ಕೆ ಉತ್ತರ ಬರುತ್ತಾ?

ಸೊಸೆ: ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಸ್ವೀಕಾರವಾದರೆ ಮಂತ್ರಿಗಳು ಬರವಣಿಗೆಯಲ್ಲೇ ಉತ್ತರ ಕೊಡಬೇಕು, ಅದು ಲೋಕಸಭೆಯ ದಾಖಲೆಗೆ ಹೋಗುತ್ತೆ. ಕರ್ನಾಟಕದಿಂದ 28 ಜನ ಲೋಕಸಭೆಗೆ ಹೋಗಿದ್ದಾರೆ ಮಾವ. ಪ್ರತಿ ಕ್ಷೇತ್ರದಿಂದ ಹತ್ತು ಜನ ಇಂಥ ಕಾಗದ ಬರೆಯಲಿ.